‘ಹಾರ್ಟ್ ಫೇಲ್’ ಎಂದು ಚೀಟಿಯಲ್ಲಿ ಬರೆದರೆ

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. 15 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದ ಹಿಂದೆ ಕಿಡ್ನಿ ವೀಕಾಗಿದೆ ಎಂದರು. ಈಗ ಕಾಲು ಬಾತಿವೆ, ಅಂಗಾತ ಮಲಗಿದರೆ ದಮ್ಮು ಹತ್ತುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿದವರು ‘ಹಾರ್ಟ್ ಫೇಲ್ಯೂರ್’ ಎಂದು ಬರೆದುಕೊಟ್ಟಿದ್ದಾರೆ. ಹಾರ್ಟ್ ಫೇಲಾದವರು ಉಳಿಯುವುದುಂಟೇ? ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.
– ಓದುಗರು, ರಂಗಂಪೇಟೆ

ಉತ್ತರ: ಮೊದಲು ತಾಯಿಗೆ ಊಟಕ್ಕೆ ಕೂರಲು ಹೇಳಿ. ನಮ್ಮ ಕಡೆ ಯಾರಾದರೂ ದಿಢೀರನೆ ತೀರಿಕೊಂಡರೆ ‘ಹಾರ್ಟ್ ಫೇಲ್ ಆಯ್ತು’ ಅನ್ನುತ್ತಾರೆ. ಅದೇ ಮಾತು ತಂದೆಯ ಚೀಟಿಯಲ್ಲಿ ಕಂಡರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆದರೆ ವೈದ್ಯರು ಬರೆದದ್ದಕ್ಕೆ ಅರ್ಥ ಬೇರೆ. ಹೃದಯ ನಿಂತಿಲ್ಲ, ದಣಿದಿದೆ. ಕಾಯಿಲೆ ಗಂಭೀರವೇ, ಆದರೂ ಔಷಧಿ, ಪಥ್ಯ ಸರಿಯಾಗಿ ನಡೆಸಿ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಬಹಳ ಮಂದಿ ಇದ್ದಾರೆ.

ನಾರಾಯಣಪುರದ ಕಾಲುವೆ ನೀವು ಕಂಡದ್ದೇ. ಮೇಲಿಂದ ನೀರಿನ ರಭಸ ತಗ್ಗಿದರೆ ಕೊನೆಯ ಹೊಲ ಒಣಗುತ್ತದೆ. ದೇಹದಲ್ಲಿ ಕಿಡ್ನಿಯದು ಆ ಕೊನೆಯ ಹೊಲದ ಪಾಡು. ಹೃದಯ ಸೋತು ರಕ್ತ ಸಾಲದಾದಾಗ ಕಿಡ್ನಿ ‘ಮೈಯಲ್ಲಿ ನೀರೇ ಇಲ್ಲ’ ಎಂದು ತಿಳಿದು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಹಗಲು ಕಾಲಿಗೆ ಇಳಿಯುತ್ತದೆ, ರಾತ್ರಿ ಮಲಗಿದಾಗ ಶ್ವಾಸಕೋಶಕ್ಕೆ ಏರುತ್ತದೆ. ಕಣಕಾಲಿನ ಮೇಲೆ ಹೆಬ್ಬೆರಳಿಂದ ಒತ್ತಿ ನೋಡಿ. ನಾದಿದ ಜೋಳದ ಹಿಟ್ಟಿನಲ್ಲಿ ಬೆರಳೂರಿದ ಹಾಗೆ ಕುಳಿ ಬಿದ್ದು ಹಾಗೇ ಉಳಿದರೆ ಅದು ಈ ನೀರೇ. ಇನ್ನು ಸಕ್ಕರೆಯೋ, ಹೃದಯದ ಸ್ನಾಯುವನ್ನೂ ಕಿಡ್ನಿಯ ಜರಡಿಯನ್ನೂ ಒಟ್ಟೊಟ್ಟಿಗೆ ಸವೆಸುತ್ತ ಬಂದಿರುತ್ತದೆ. ನಿಮಗೆ ಮೂರು ಕಾಯಿಲೆಯಾಗಿ ಕಂಡದ್ದು ಒಂದೇ ಕಾಯಿಲೆಯ ಮೂರು ಮುಖ.

ಹಾಗಾಗಿ ಈಗ ಮೂರಕ್ಕೂ ಆಗಿಬರುವ ಮಾತ್ರೆಗಳು ಬಂದಿವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ (ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು) ಮೊದಲು ಬಂದದ್ದು ಸಕ್ಕರೆ ಕಾಯಿಲೆಗೆ. 2019ರಿಂದ 2022ರವರೆಗೆ ಫಲಿತಾಂಶ ಬಂದ ದೊಡ್ಡ ಪ್ರಯೋಗಗಳಲ್ಲಿ ಇವು ಹೃದಯಕ್ಕೂ ಕಿಡ್ನಿಗೂ ಕಾವಲು ಎಂದು ಗೊತ್ತಾಯಿತು. ತಂದೆಗೆ ಇವು ಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಿ. ಶುರು ಮಾಡಿದ ಹೊಸದರಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ತುಸು ಏರಬಹುದು. ಅದಕ್ಕೆ ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ, ರಿಪೋರ್ಟ್ ತೋರಿಸಿ. ವಾಂತಿ, ಭೇದಿ ಆಗಿ ಊಟ ಸೇರದ ದಿನ ಮಾತ್ರ ಇವನ್ನು ತಡೆದು ವೈದ್ಯರಿಗೆ ಫೋನ್ ಮಾಡಿ. ಉಪವಾಸ, ರೋಜಾ ಹಿಡಿಯುವುದಿದ್ದರೆ ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ನೀವು ಮಾಡಬೇಕಾದದ್ದು ತೂಕ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕೂ ಮುಂಚೆ, ದಿನಾ ಅದೇ ಯಂತ್ರದ ಮೇಲೆ ನಿಲ್ಲಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದೇ ದಿನಕ್ಕೆ 1 ಕೆಜಿ, ಇಲ್ಲವೇ ಮೂರು ದಿನದಲ್ಲಿ 2 ಕೆಜಿ ಏರಿತೆಂದರೆ ಅದು ಮೈ ಹಿಡಿದದ್ದಲ್ಲ, ನೀರು ತುಂಬಿದ್ದು. ದಮ್ಮು ಹತ್ತುವವರೆಗೆ ಕಾಯದೆ ಅದೇ ದಿನ ವೈದ್ಯರಿಗೆ ತಿಳಿಸಿ. ನಾನು ಯಾವ ರಿಪೋರ್ಟಿಗಿಂತಲೂ ಮೊದಲು ಕೇಳುವುದು ಆ ಕ್ಯಾಲೆಂಡರನ್ನೇ.

ಕೂತರೂ ಉಸಿರು ನಿಲುಕದಿದ್ದರೆ, ಕೆಮ್ಮಿದಾಗ ನೊರೆನೊರೆ ಕಫ ಬಂದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ. ದೊಡ್ಡ ತಪಾಸಣೆಗೆ ಬೆಂಗಳೂರೇ ಆಗಬೇಕೆಂದಿಲ್ಲ. ಶಹಾಪುರ, ಜೇವರ್ಗಿ ದಾಟಿದರೆ ಕಲಬುರ್ಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಶುರುವಾಗಿದೆ.

ಪ್ರಶ್ನೆ: ಅತ್ತೆಗೆ ಕಿಡ್ನಿ ತೊಂದರೆ, ಹೃದಯವೂ ವೀಕು. ವಿಶೇಷವೆಂದರೆ ಸಕ್ಕರೆ ತಾನಾಗೇ ಇಳಿಯುತ್ತಿದೆ, ನಸುಕಿನಲ್ಲಿ ಬೆವರಿ ನಡುಗುತ್ತಾರೆ. ಕಾಯಿಲೆ ವಾಸಿಯಾಯಿತೇ? ಮೊಣಕಾಲು ನೋವಿಗೆ ಆಗಾಗ ಸೂಜಿ ಹಾಕಿಸುತ್ತೇವೆ.
– ಓದುಗರು, ಶಹಾಪುರ

ಉತ್ತರ: ಸಕ್ಕರೆ ಇಳಿದರೆ ಸಂತೋಷವಾಗುವುದು ಸಹಜ. ಆದರೆ ಇದು ವಾಸಿಯಾದ ಗುರುತಲ್ಲ. ಇನ್ಸುಲಿನ್ನನ್ನೂ ಕೆಲವು ಸಕ್ಕರೆ ಮಾತ್ರೆಗಳನ್ನೂ ದೇಹದಿಂದ ಕಳಿಸುವ ಕೆಲಸದಲ್ಲಿ ಕಿಡ್ನಿಯ ಪಾಲು ದೊಡ್ಡದು. ಅದು ಸೋತಾಗ ಹಳೆಯ ಡೋಸೇ ಮೈಯಲ್ಲಿ ಬಹಳ ಹೊತ್ತು ಉಳಿದು ಸಕ್ಕರೆಯನ್ನು ಅತಿಯಾಗಿ ಇಳಿಸುತ್ತದೆ. ನಸುಕಿನ ಬೆವರು, ನಡುಕ ಅದರದೇ ಇರಬಹುದು. ಆ ಹೊತ್ತಿಗೆ ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದೇ ವಾರ ಡೋಸ್ ಸರಿಮಾಡಿಸಿಕೊಳ್ಳಿ. ಹಳೆಯ ಚೀಟಿಯಲ್ಲಿ ಪಯೋಗ್ಲಿಟಜೋನ್ ಇದ್ದರೆ ಮರೆಯದೆ ತೋರಿಸಿ. ಮೈಯಲ್ಲಿ ನೀರು ನಿಲ್ಲಿಸುವ ಆ ಮಾತ್ರೆ ಸೋತ ಹೃದಯಕ್ಕೆ ಆಗದು.

ಮೊಣಕಾಲಿನ ಸೂಜಿಯ ವಿಷಯ ಓದಿ ನನಗೆ ಕಳವಳವಾಯಿತು. ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ಉಪ್ಪು, ನೀರನ್ನು ಹಿಡಿದಿಡುತ್ತದೆ, ಕಿಡ್ನಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತದೆ. ಒಂದು ಸೂಜಿಯ ಸುಖಕ್ಕೆ ಮರುವಾರ ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ. ನೋವು ಸುಳ್ಳಲ್ಲ, ಅವರು ಸಹಿಸಿಕೊಂಡೇ ಇರಲಿ ಎಂದು ನಾನು ಹೇಳಲಾರೆ. ಬಿಸಿ ಶಾಖ, ತೊಡೆಯ ವ್ಯಾಯಾಮ, ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಇವುಗಳಿಂದ ಹಗುರಾಗುತ್ತದೆ. ಎಲ್ಲೇ ಸೂಜಿಗೆ ಕೈಯೊಡ್ಡುವ ಮುಂಚೆ ‘ಕಿಡ್ನಿ, ಹಾರ್ಟ್ ಎರಡೂ ವೀಕು’ ಎಂದು ಬಾಯಿಬಿಟ್ಟು ಹೇಳಲು ಅತ್ತೆಗೆ ಕಲಿಸಿ.

ಪ್ರಶ್ನೆ: ಹೃದಯ, ಕಿಡ್ನಿ ಎರಡೂ ವೀಕಾದ ನಮ್ಮವರಿಗೆ ವೈದ್ಯರು ದಿನಕ್ಕೆ ಒಂದೂವರೆ ಲೀಟರ್ ನೀರು, ಉಪ್ಪು ಕಮ್ಮಿ ಎಂದಿದ್ದಾರೆ. ನಮ್ಮ ಬೇಸಿಗೆಯಲ್ಲಿ ಇದು ಸಾಧ್ಯವೇ? ಅಂಗಡಿಯ ‘ಲೋ ಸೋಡಿಯಂ’ ಉಪ್ಪು ತರಬಹುದೇ?
– ಓದುಗರು, ಸುರಪುರ

ಉತ್ತರ: ನಮ್ಮ ಬಿಸಿಲಲ್ಲಿ ನೀರು ಅಳೆದು ಕುಡಿಯುವುದು ಕಷ್ಟವೇ, ನಿಜ. ಆದರೆ ಬಾಯಾರಿಕೆ ಹೆಚ್ಚಿಸುವುದು ಉಪ್ಪು. ಅದು ತಗ್ಗಿದರೆ ಅರ್ಧ ಕಷ್ಟ ತಗ್ಗುತ್ತದೆ. ಜೋಳದ ರೊಟ್ಟಿಯಿಂದ ಭಯವಿಲ್ಲ. ಉಪ್ಪು ಕೂತಿರುವುದು ಅದರ ಪಕ್ಕದ ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆಯಲ್ಲಿ, ಸಂಜೆಯ ಮಿರ್ಚಿ ಭಜಿಯಲ್ಲಿ. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರದಿರಲಿ. ಮನೆಯ ಚಟ್ನಿಯನ್ನು ಉಪ್ಪಿಲ್ಲದೆ ಕುಟ್ಟಿ, ಬೆಳ್ಳುಳ್ಳಿ, ಜೀರಿಗೆ, ನಿಂಬೆಹುಳಿಯಲ್ಲಿ ರುಚಿ ತನ್ನಿ.

‘ಲೋ ಸೋಡಿಯಂ’ ಉಪ್ಪು ಖಂಡಿತ ಬೇಡ. ಅದರಲ್ಲಿ ಪೊಟ್ಯಾಸಿಯಂ (ಹೃದಯದ ಬಡಿತ ನಡೆಸುವ ಲವಣ) ಇರುತ್ತದೆ. ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ ರಕ್ತದಲ್ಲಿ ಹೆಚ್ಚಾದರೆ ಬಡಿತವೇ ತಪ್ಪುತ್ತದೆ. ಎಳನೀರಿಗೂ ಇದೇ ಮಾತು.

ಬೆಳಿಗ್ಗೆಯೇ ಒಂದೂವರೆ ಲೀಟರ್ ನೀರನ್ನು ಬಾಟಲಿಗಳಲ್ಲಿ ತುಂಬಿಡಿ. ಚಹಾ, ಮಜ್ಜಿಗೆ, ಸಾರು ಕುಡಿದಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯಿರಿ. ಬಾಯಿ ಒಣಗಿದಾಗ ಮುಕ್ಕಳಿಸಿ ಉಗುಳಿ. ಬಿಸಿಲಲ್ಲಿ ಬೆವರು ಸುರಿದು ತೂಕ ಕುಗ್ಗುತ್ತ ಬಂದರೆ, ಎದ್ದು ನಿಂತಾಗ ತಲೆ ಸುತ್ತಿದರೆ ನೀರಿನ ಅಳತೆಯನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ವೈದ್ಯರು ಬದಲಿಸಬೇಕಾಗುತ್ತದೆ. ಅದೇ ದಿನ ಹೋಗಿ ಕೇಳಿ.