ಕ್ಯಾಡ್‌ನಲ್ಲಿ ಘನಫಲ ತೆಗೆಯುವಾಗ: ಮಾಡಬೇಕಾದ್ದು, ಮಾಡಬಾರದ್ದು

ಎರಕದ ಕೆಲಸಕ್ಕೆ ಕೊಟೇಶನ್ ಹಾಕುವವರಿಗೂ ಡಿಸೈನ್ ವಿಭಾಗದವರಿಗೂ ಸೂಚನೆ

ಫೌಂಡ್ರಿಯಲ್ಲಿ ದರ ಕಟ್ಟುವುದು ಕಿಲೋ ಲೆಕ್ಕದಲ್ಲಿ. ಕಿಲೋ ಲೆಕ್ಕ ಬರುವುದು ಘನಫಲದಿಂದ. ಆ ಘನಫಲ ಈಗ ಒಂದೇ ಕ್ಲಿಕ್ಕಿಗೆ ಸಿಗುತ್ತದೆ, ಹಾಗಾಗಿ ಅದನ್ನು ಮರುಪ್ರಶ್ನೆ ಮಾಡದೆ ಮುಂದೆ ಕಳಿಸಿಬಿಡುವ ರೂಢಿ ಬೆಳೆದಿದೆ. ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಾಗಲಿ, ಎರಕದ ತೂಕ ಹೇಳುವ ಯಾರೇ ಆಗಲಿ ಪಾಲಿಸಲೇಬೇಕಾದ ನಿಯಮಗಳು ಇವು.

ಮಾಡಬೇಕಾದ್ದು

ಯೂನಿಟ್ ನೋಡಿಯೇ ಮುಂದುವರಿಯಿರಿ. ಇಂಚಿನ ಮಾಡೆಲನ್ನು ಮಿಲಿಮೀಟರ್ ಎಂದು ಓದಿದರೆ ಉದ್ದದಲ್ಲಿ ಬರುವ ವ್ಯತ್ಯಾಸ 25.4 ಪಟ್ಟು, ಘನಫಲದಲ್ಲಿ 16,387 ಪಟ್ಟು. ಇಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ಸೆಂಟಿಮೀಟರ್, ಮಿಲಿಮೀಟರ್ ಅದಲುಬದಲಾದಾಗ ಮಾತ್ರ ಜೋಕೆ: ಅಲ್ಲಿ ವ್ಯತ್ಯಾಸ ಸರಿಯಾಗಿ 1000 ಪಟ್ಟು. ಘನ ಮಿ.ಮೀ.ಯನ್ನು ಸಿ.ಸಿ. ಮಾಡಲು ಭಾಗಿಸುವುದೂ 1000ದಿಂದಲೇ. ಅಂಕಿಗಳು ಹಾಗೇ ಇದ್ದು ದಶಮಾಂಶ ಬಿಂದು ಮಾತ್ರ ಸರಿದಿರುವುದರಿಂದ, ಯಾರೋ ಆಗಲೇ ಭಾಗಿಸಿಟ್ಟಿದ್ದಾರೆ ಎಂದುಕೊಂಡು ಬಿಟ್ಟುಬಿಡುವ ಅಪಾಯ ಹೆಚ್ಚು. ಎಸ್‌ಟಿಎಲ್ ಫೈಲಿನಲ್ಲಿ ಯೂನಿಟ್ ದಾಖಲಾಗಿರುವುದೇ ಇಲ್ಲ. ಗಿರಾಕಿಯಿಂದ ಸ್ಟೆಪ್ ಫೈಲ್ ಕೇಳಿ ಪಡೆಯಿರಿ. ಎಸ್‌ಟಿಎಲ್ ಬಿಟ್ಟರೆ ಬೇರೆ ಇಲ್ಲ ಎಂದರೆ, ಡ್ರಾಯಿಂಗಿನಲ್ಲಿರುವ ಒಂದು ಅಳತೆಯನ್ನು ಮಾಡೆಲಿನ ಮೇಲೆ ಅಳೆದು ತಾಳೆ ನೋಡಿ.

ಯಾವ ಹಂತದ ತೂಕ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ. ಹೆಚ್ಚು ನಷ್ಟ ಆಗುವುದು ಇಲ್ಲಿ, ಆದ್ದರಿಂದ ಒಂದು ಲೆಕ್ಕವನ್ನು ಪೂರ್ತಿ ಕೊಡುತ್ತೇವೆ. ಗ್ರೇ ಕಾಸ್ಟ್ ಐರನ್ನಿನ ಒಂದು ಫ್ಲ್ಯಾಂಜ್ ತೆಗೆದುಕೊಳ್ಳಿ: ಹೊರವ್ಯಾಸ 200 ಮಿ.ಮೀ., ಒಳವ್ಯಾಸ 100, ದಪ್ಪ 20, ಜೊತೆಗೆ 18 ಮಿ.ಮೀ.ನ ಎಂಟು ಬೋಲ್ಟ್ ತೂತು. ತಯಾರಾದ ಫ್ಲ್ಯಾಂಜಿನ ಘನಫಲ 430.5 ಸಿ.ಸಿ. ಸಾಂದ್ರತೆ 7.2 ಹಿಡಿದರೆ ತೂಕ 3.10 ಕಿಲೋ. ಗಿರಾಕಿ ಕಳಿಸುವ ಮಾಡೆಲ್ ಸಾಮಾನ್ಯವಾಗಿ ಇದೇ. ನಾವು ಎರಕ ಹೊಯ್ಯುವುದು ಇದನ್ನಲ್ಲ. ಎಲ್ಲ ಮುಖಗಳಿಗೂ 3 ಮಿ.ಮೀ. ಮಷಿನಿಂಗ್ ಅಲೊವೆನ್ಸ್ ಬಿಟ್ಟರೆ ಹೊರವ್ಯಾಸ 206, ಒಳವ್ಯಾಸ 94, ದಪ್ಪ 26 ಆಗುತ್ತದೆ. ಬೋಲ್ಟ್ ತೂತುಗಳನ್ನು ಆಮೇಲೆ ಡ್ರಿಲ್ ಮಾಡುವುದರಿಂದ ಎರಕದಲ್ಲಿ ಅವು ಇರುವುದಿಲ್ಲ. ಈಗ ಘನಫಲ 686.1 ಸಿ.ಸಿ., ತೂಕ 4.94 ಕಿಲೋ. ಒಂದು ಪೀಸಿಗೆ 1.84 ಕಿಲೋ ವ್ಯತ್ಯಾಸ. 500 ಪೀಸಿನ ಆರ್ಡರಿಗೆ 920 ಕಿಲೋ ಲೋಹ. ಸಾಫ್ಟ್‌ವೇರ್ ಎರಡು ಸಲವೂ ಸರಿಯಾಗಿಯೇ ಲೆಕ್ಕ ಕೊಟ್ಟಿದೆ. ರನ್ನರ್, ರೈಸರ್ ತೂಕ ಇದಕ್ಕೂ ಹೊರಗಿನದು. ಕುಲುಮೆಯವರಿಗೆ ಹೇಳುವಾಗ ಅದನ್ನು ಸೇರಿಸಿ ಹೇಳಿ.

ಮಾಡೆಲ್ ಮುಚ್ಚಿದ ಸಾಲಿಡ್ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ. ಐಜೆಸ್ ಫೈಲು ಎಷ್ಟೋ ಸಲ ಬಿಡಿಬಿಡಿ ಮೇಲ್ಮೈಗಳಾಗಿ ತೆರೆದುಕೊಳ್ಳುತ್ತದೆ. ಅವನ್ನು ಹೊಲಿದು ಸಾಲಿಡ್ ಮಾಡಿಕೊಳ್ಳದೆ ಘನಫಲ ಕೇಳುವುದರಲ್ಲಿ ಅರ್ಥವಿಲ್ಲ. ಮೆಶ್ ಆಗಿದ್ದರೆ ಇನ್ನೂ ಎಚ್ಚರ ಬೇಕು. ಪ್ರತಿ ತ್ರಿಕೋನದಿಂದ ಮೂಲಬಿಂದುವಿಗೆ ಒಂದೊಂದು ಪಿರಮಿಡ್ ಕಟ್ಟಿ, ಕೂಡಿಸಿ ಕಳೆದು ಘನಫಲ ತೆಗೆಯುವುದು ಅಲ್ಲಿಯ ಸಾಮಾನ್ಯ ಪದ್ಧತಿ. ಒಂದು ತ್ರಿಕೋನ ತಪ್ಪಿಹೋಗಿದ್ದರೂ ಏನೋ ಒಂದು ಅಂಕಿ ಬಂದೇ ಬರಬಹುದು. ಮಾಡೆಲನ್ನು ಮೂರು ದಿಕ್ಕಿಗೂ ಒಂದಿಷ್ಟು ದೂರ ಸರಿಸಿ ಮತ್ತೆ ಘನಫಲ ಕೇಳಿ. ಉತ್ತರ ಬದಲಾದರೆ ಎಲ್ಲೋ ತೂತಿದೆ.

ಕೈಲೆಕ್ಕ ಹಾಕಿ. ಭಾಗ ಎಷ್ಟೇ ಜಟಿಲವಾಗಿರಲಿ, ಸಿಲಿಂಡರ್, ಪೆಟ್ಟಿಗೆ, ಕೋನ್ ಎಂದು ಒಡೆದು ಅಂದಾಜು ತೆಗೆಯಲು ಬರುತ್ತದೆ. ಕ್ಯಾಡ್ ಉತ್ತರ ಅದರ ಆಸುಪಾಸಿನಲ್ಲಿರಬೇಕು.

ಮಾಡಬಾರದ್ದು

ಆಟೋಕ್ಯಾಡ್‌ನಲ್ಲಿ ಮಾಸ್‌ಪ್ರಾಪ್ ಕೊಟ್ಟಾಗ ಬರುವ ಮಾಸ್ ಅಂಕಿಯನ್ನು ತೂಕ ಎಂದು ಬರೆಯಬೇಡಿ. ಅಲ್ಲಿ ಸಾಂದ್ರತೆ 1 ಎಂದು ಹಿಡಿದಿರುತ್ತದೆ. ಮಾಸ್, ವಾಲ್ಯೂಮ್ ಎರಡರ ಮುಂದೆಯೂ ಒಂದೇ ಅಂಕಿ ಇರುವುದನ್ನು ನೀವೇ ನೋಡಬಹುದು. ಸಾಲಿಡ್‌ವರ್ಕ್ಸ್‌ನಲ್ಲೂ ಮೆಟೀರಿಯಲ್ ಕೊಡದಿದ್ದರೆ ಸಾಮಾನ್ಯವಾಗಿ ನೀರಿನ ಸಾಂದ್ರತೆಯಲ್ಲೇ ತೂಕ ಬರುತ್ತದೆ. ಸ್ಟೀಲಿಗೆ 7.85, ಅಲ್ಯೂಮಿನಿಯಂಗೆ 2.7 ಹಿಡಿಯುವುದು ವಾಡಿಕೆ. ಕಾಸ್ಟ್ ಐರನ್ನಿಗೆ ಗ್ರೇಡಿನ ಮೇಲೆ ತುಸು ಏರುಪೇರಾಗುತ್ತದೆ, ನಿಮ್ಮ ಫೌಂಡ್ರಿಯಲ್ಲಿ ತೂಗಿ ಕಂಡುಕೊಂಡ ಅಂಕಿಯನ್ನೇ ಬಳಸಿ.

ಪ್ಯಾಟರ್ನಿನ ಮಾಡೆಲಿನಿಂದ ತೂಕ ತೆಗೆಯಕೂಡದು. ಲೋಹ ಕುಗ್ಗುತ್ತದೆ ಎಂದು ಪ್ಯಾಟರ್ನನ್ನು ಶೇ. 1ರಷ್ಟು ಹಿಗ್ಗಿಸಿದ್ದರೆ ಘನಫಲ ಶೇ. 3ರಷ್ಟು ಏರಿರುತ್ತದೆ, ಶೇ. 2 ಹಿಗ್ಗಿಸಿದ್ದರೆ ಶೇ. 6ಕ್ಕೂ ಹೆಚ್ಚು.

ಒಂದರೊಳಗೊಂದು ನುಗ್ಗಿರುವ ಬಾಡಿಗಳ ಘನಫಲವನ್ನು ಬಿಡಿಬಿಡಿಯಾಗಿ ತೆಗೆದು ಕೂಡಬೇಡಿ. ರಿಬ್ಬು ಗೋಡೆಯೊಳಗೆ ಹೊಕ್ಕಷ್ಟು ಲೋಹ ಎರಡೆರಡು ಸಲ ಎಣಿಕೆಯಾಗುತ್ತದೆ. ಯೂನಿಯನ್ ಮಾಡಿ, ಆಮೇಲೆ ಕೇಳಿ. ಮರೆಮಾಡಿದ ಬಾಡಿಗಳು ಲೆಕ್ಕಕ್ಕೆ ಸೇರಿವೆಯೋ ಬಿಟ್ಟಿವೆಯೋ ಅದನ್ನೂ ನೋಡಿ.

ಒರಟು ಎಸ್‌ಟಿಎಲ್ ನಂಬಬೇಡಿ. ಸಿಲಿಂಡರಿನ ದುಂಡಗಿನ ಅಂಚು 12 ಮುಖಗಳಾಗಿ ಒಡೆದಿದ್ದರೆ ಘನಫಲ ಶೇ. 4.5ರಷ್ಟು ಕಡಿಮೆ ತೋರಿಸುತ್ತದೆ. 36 ಮುಖಗಳಿದ್ದರೆ ಆ ಕೊರತೆ ಶೇ. 0.5ಕ್ಕೆ ಇಳಿಯುತ್ತದೆ. ತೂತಿನಲ್ಲಿ ಇದು ತಿರುಗುಮುರುಗು: ತೂತು ಕಿರಿದಾಗಿ ಲೋಹ ಹೆಚ್ಚು ತೋರುತ್ತದೆ.

ದಶಮಾಂಶದ ನಂತರ ನಾಲ್ಕು ಅಂಕಿ ಬರೆದು ಕೊಟೇಶನ್ ಕಳಿಸಬೇಡಿ. ಮರಳಿನ ಅಚ್ಚಿನಲ್ಲಿ ಹೊಯ್ದ ಎರಕಕ್ಕೆ ಅಷ್ಟು ನಿಖರತೆ ಇರುವುದಿಲ್ಲ, ಇದೆ ಎಂದು ಗಿರಾಕಿಗೆ ತೋರಿಸುವುದು ಸುಳ್ಳು ಹೇಳಿದಂತೆ.

ಹಳೆಯ ರಿವಿಷನ್ನಿನ ತೂಕವನ್ನು ಹೊಸ ಡ್ರಾಯಿಂಗಿಗೆ ನಕಲು ಮಾಡಕೂಡದು.

ಮೊದಲ ಎರಕವನ್ನು ಫೆಟ್ಲಿಂಗ್ ಮುಗಿದ ಕೂಡಲೇ ತೂಗಿ, ಆ ತೂಕವನ್ನು ಕ್ಯಾಡ್ ತೂಕದ ಎದುರಿಗೆ ಬರೆದಿಡಿ. ಎರಡಕ್ಕೂ ಶೇ. 5ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣ ಸಿಗುವವರೆಗೆ ಮುಂದಿನ ಪೆಟ್ಟಿಗೆ ಹೊಯ್ಯಬೇಡಿ. ಫೈಲಿನ ಹೆಸರು, ರಿವಿಷನ್, ಯೂನಿಟ್, ಹಂತ, ಸಾಂದ್ರತೆ ಈ ಐದೂ ಇಲ್ಲದ, ಲೆಕ್ಕ ಹಾಕಿದವರ ಸಹಿಯಿಲ್ಲದ ತೂಕದ ಹಾಳೆಯನ್ನು ಮಾರಾಟ ವಿಭಾಗದವರು ಮುಟ್ಟದೆ ವಾಪಸು ಕಳಿಸಬೇಕು.