ನಾಯಿ ಕಡಿದ ಮೇಲೆ ಇಪ್ಪತ್ತೆಂಟು ದಿನ

ಗೋವಾದ ಝುವಾರಿನಗರದ ಚಾಳುಗಳಲ್ಲಿ ಯಾರಿಗಾದರೂ ನಾಯಿ ಕಡಿದರೆ ಮೊದಲ ಸೂಜಿ ತಪ್ಪುವುದು ಕಡಿಮೆ. ಮನೆಮಂದಿಗೆಲ್ಲ ಹೆದರಿಕೆ ಇರುತ್ತದೆ, ಪಕ್ಕದ ಮನೆಯವರೇ ಬೈಕಿನಲ್ಲಿ ಕೂರಿಸಿಕೊಂಡು ಚಿಕಲಿಂ ಆಸ್ಪತ್ರೆಗೆ ಓಡುತ್ತಾರೆ. ತಪ್ಪುವುದು ಮೂರನೆಯದು, ಇಲ್ಲವೇ ಕೊನೆಯದು. ಅಷ್ಟರಲ್ಲಿ ಗಾಯ ಒಣಗಿರುತ್ತದೆ. ಒಂದು ದಿನದ ಗೌಂಡಿ ಕೂಲಿ ಬಿಡಲು ಮನಸ್ಸು ಬರುವುದಿಲ್ಲ. ಅಥವಾ ಊರಲ್ಲಿ ಜಾತ್ರೆ, ಮದುವೆ, ರಾಶಿ ಬಂದಿರುತ್ತದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆ ರಾತ್ರಿ ಬಸ್ಸು ಹತ್ತಿದವರ ಆಸ್ಪತ್ರೆ ಚೀಟಿ ಇಲ್ಲಿಯ ಟ್ರಂಕಿನಲ್ಲೇ ಉಳಿದುಬಿಡುತ್ತದೆ. ಆ ಚೀಟಿ ನಿಮ್ಮ ಜೊತೆ ಊರಿಗೂ ಬರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ರೇಬೀಸ್ ಬಂದ ಮೇಲೆ ಮದ್ದಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡವರು ಉಳಿದ ಉದಾಹರಣೆಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಆದರೆ ಬಾರದಂತೆ ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ಇಂಥ ಕಾಯಿಲೆ ಇನ್ನೊಂದು ಸಿಗುವುದು ಕಷ್ಟ.

ವಿಷ ಹೇಗೆ ಏರುತ್ತದೆ

ರೋಗಾಣು ಇರುವುದು ನಾಯಿಯ ಜೊಲ್ಲಿನಲ್ಲಿ. ಹಲ್ಲು ಊರಿದಾಗ ಅದು ಮಾಂಸಕ್ಕೆ ಇಳಿದು, ಅಲ್ಲಿಂದ ನರ ಹಿಡಿದು, ನಿಧಾನವಾಗಿ ಮಿದುಳಿನತ್ತ ಹೋಗುತ್ತದೆ. ಆದ್ದರಿಂದಲೇ ಕಡಿದ ದಿನ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಲಕ್ಷಣ ಕಾಣಬಹುದು. ಒಂದು ವಾರಕ್ಕೂ ಕಂಡದ್ದುಂಟು, ವರ್ಷದ ನಂತರವೂ ಕಂಡದ್ದುಂಟು. ಕಾಲಿಗೆ ಕಡಿದರೆ ದಾರಿ ಉದ್ದ. ಮುಖ, ಕುತ್ತಿಗೆ, ತಲೆಗೆ ಕಡಿದರೆ ದಾರಿ ಗೇಣುದ್ದ. ಮಕ್ಕಳ ವಿಷಯದಲ್ಲಿ ಹೆಚ್ಚು ಅವಸರ ಮಾಡಬೇಕಾದದ್ದು ಇದಕ್ಕೇ: ನಾಯಿಯ ಬಾಯಿಗೂ ಮಗುವಿನ ಮುಖಕ್ಕೂ ಎತ್ತರ ಒಂದೇ.

ಮೈಯೊಳಗೆ ಹೀಗೆ ನಡೆಯುವ ಓಟದಲ್ಲಿ ರೋಗಾಣುವಿಗಿಂತ ಮೊದಲು ನಮ್ಮ ರಕ್ಷಣೆ ಸಿದ್ಧವಾಗಬೇಕು. ಸೂಜಿಗಳ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಹದಿನೈದು ನಿಮಿಷ ತೊಳೆಯಿರಿ

ಆಸ್ಪತ್ರೆಗೆ ಓಡುವ ಮೊದಲು ತೊಳೆಯಬೇಕು. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ, ಹದಿನೈದು ನಿಮಿಷ. ರೇಡಿಯೊದಲ್ಲಿ ಮೂರು ಹಾಡು ಮುಗಿಯುವಷ್ಟು ಹೊತ್ತು ಎಂದುಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಎರಡು ಚೊಂಬು ನೀರು ಸುರಿದು ಮುಗಿಸುತ್ತಾರೆ, ಅದು ಸಾಲದು. ನಲ್ಲಿಯಲ್ಲಿ ನೀರು ಬಾರದ ಹೊತ್ತಾಗಿದ್ದರೆ ಕೊಡದ ನೀರೇ ಆಗಲಿ, ಒಬ್ಬರು ಸಣ್ಣಗೆ ಸುರಿಯುತ್ತಿರಿ, ಇನ್ನೊಬ್ಬರು ಗಾಯದ ಆಳದವರೆಗೆ ಸಾಬೂನು ನೊರೆ ಹೋಗುವಂತೆ ತೊಳೆಯಿರಿ. ಬಟ್ಟೆ ಸೋಪಾದರೂ ನಡೆಯುತ್ತದೆ. ಈ ರೋಗಾಣುವಿನ ಮೇಲೆ ಕೊಬ್ಬಿನ ತೆಳು ಹೊದಿಕೆಯಿದೆ, ಸಾಬೂನು ಅದನ್ನು ಕರಗಿಸುತ್ತದೆ. ಹೊದಿಕೆ ಹೋದರೆ ರೋಗಾಣು ಸತ್ತಂತೆ. ಆಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ.

ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ, ಕಾಫಿ ಪುಡಿ ಯಾವುದನ್ನೂ ಹಾಕಬೇಡಿ. ಇವು ಗಾಯವನ್ನು ಕೆರಳಿಸುತ್ತವೆ, ರೋಗಾಣುವನ್ನು ಕೊಲ್ಲುವುದಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಹೊಲಿಗೆಯ ಅವಸರವೂ ಬೇಡ, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ನಾಯಿ ಕಡಿತಕ್ಕೆ ಬೇರು ಅರೆದು ಕೊಡುವವರು, ದಾರ ಕಟ್ಟುವವರು ಊರೂರಲ್ಲಿ ಇದ್ದಾರೆ. ಅವರ ಮೇಲೆ ನಿಮಗಿರುವ ಗೌರವವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕಡಿದ ನಾಯಿಗಳೆಲ್ಲ ಹುಚ್ಚು ನಾಯಿಗಳಲ್ಲ. ಹುಚ್ಚು ಹಿಡಿಯದ ನಾಯಿ ಕಡಿದವರು ಯಾವ ಬೇರು ತಿಂದರೂ ಬದುಕುತ್ತಾರೆ, ತಿನ್ನದಿದ್ದರೂ ಬದುಕುತ್ತಾರೆ. ಆ ಮದ್ದಿನ ಹೆಸರು ಉಳಿದು ಬಂದಿರುವುದು ಹೀಗೆ.

ಎರಡನೇ ಹೆಜ್ಜೆ: ಗಾಯ ಯಾವ ಬಗೆಯದು

ವೈದ್ಯರು ಮೂರು ದರ್ಜೆ ಮಾಡುತ್ತಾರೆ. ನಾಯಿಯನ್ನು ಮುಟ್ಟಿದ್ದು, ಅದಕ್ಕೆ ಅನ್ನ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯದು. ಇದಕ್ಕೆ ಸೂಜಿ ಬೇಡ. ರಕ್ತ ಬಾರದ ಪರಚು, ಹಲ್ಲು ತಾಗಿದ ಸಣ್ಣ ಗುರುತು ಎರಡನೆಯದು, ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ, ಮೊದಲೇ ಇದ್ದ ಗಾಯವನ್ನೋ ಬಾಯಿ, ಕಣ್ಣನ್ನೋ ನಾಯಿ ನೆಕ್ಕಿದ್ದರೆ ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಇನ್ನೊಂದು ಮದ್ದೂ ಬೇಕು.

ಆ ಇನ್ನೊಂದರ ಹೆಸರು ಇಮ್ಯುನೊಗ್ಲೋಬ್ಯುಲಿನ್. ಆಸ್ಪತ್ರೆಯಲ್ಲಿ ‘ಸೀರಂ’ ಎಂದರೂ ತಿಳಿಯುತ್ತದೆ. ಲಸಿಕೆ ಹಾಕಿದ ಮೇಲೆ ನಮ್ಮ ಮೈ ತನ್ನದೇ ರಕ್ಷಣೆ ಕಟ್ಟಿಕೊಳ್ಳಲು ಒಂದೆರಡು ವಾರ ಬೇಕು. ಆ ನಡುವೆ ಕಾಯುವುದು ಈ ಸೀರಂ. ಅದನ್ನು ಗಾಯದ ಸುತ್ತ, ಗಾಯದ ಒಳಗೇ ಚುಚ್ಚುತ್ತಾರೆ. ನೋವಾಗುತ್ತದೆ, ಮಗು ಅಳುತ್ತದೆ. ಆ ಅಳು ಕೇಳಲಾಗದೆ ತಾಯಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದುಬಿಡುವುದು ನಡೆಯಬಾರದು. ಮೊದಲ ಲಸಿಕೆಯ ದಿನವೇ ಇದನ್ನು ಕೊಡುವುದು ಸರಿ. ಅಂದು ಸಿಗದಿದ್ದರೆ ಏಳು ದಿನದೊಳಗೆ ಕೊಡಿಸಬಹುದು, ಆಮೇಲೆ ಪ್ರಯೋಜನವಿಲ್ಲ. ಹಾಗಾಗಿ ರಕ್ತ ಬಂದ ಗಾಯವಾದರೆ ಬಾಯಿಬಿಟ್ಟು ಕೇಳಿ: “ಸೀರಂ ಇಲ್ಲಿ ಇದೆಯೇ? ಇಲ್ಲದಿದ್ದರೆ ಎಲ್ಲಿಗೆ ಹೋಗಲಿ?” ಮಡಗಾಂವ್‌ನ ಜಿಲ್ಲಾ ಆಸ್ಪತ್ರೆಯೋ ಝುವಾರಿ ಸೇತುವೆ ದಾಟಿದರೆ ಸಿಗುವ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜೋ, ಅವರು ಹೇಳಿದ ಜಾಗಕ್ಕೆ ಅಂದೇ ಹೋಗಿ.

ಭಾಷೆ ಬಾರದ ಹಿಂಜರಿಕೆ ಬೇಡ. ಕೊಂಕಣಿಯಲ್ಲಿ ‘ಸುಣೆಂ ಚಾಬ್ಲೆಂ’ ಎಂದರೆ ನಾಯಿ ಕಡಿಯಿತು ಎಂದು. ಅಷ್ಟು ಹೇಳಿ ಗಾಯ ತೋರಿಸಿದರೆ ಸಾಕು. ಗುರುತಿನ ಚೀಟಿ ಇದ್ದರೆ ಒಯ್ಯಿರಿ, ಇಲ್ಲವೆಂದು ಮನೆಯಲ್ಲಿ ಕೂರಬೇಡಿ.

ಮೂರನೇ ಹೆಜ್ಜೆ: ದಿನ ಎಣಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮೊದಲ ಸೂಜಿ ಬಿದ್ದ ದಿನವನ್ನು ಸೊನ್ನೆ ಎಂದು ಹಿಡಿಯಬೇಕು, ಒಂದು ಎಂದಲ್ಲ. ಏಪ್ರಿಲ್ 1ರಂದು ಮೊದಲ ಸೂಜಿಯಾದರೆ ಮೂರನೇ ದಿನ ಏಪ್ರಿಲ್ 4, ಏಳನೇ ದಿನ ಏಪ್ರಿಲ್ 8, ಇಪ್ಪತ್ತೆಂಟನೇ ದಿನ ಏಪ್ರಿಲ್ 29.

ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಸಣ್ಣ ಸೂಜಿಯಿಂದ, ಎರಡೂ ತೋಳಿಗೆ ಒಂದೊಂದರಂತೆ, 0, 3, 7, 28ನೇ ದಿನಗಳಲ್ಲಿ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಪದ್ಧತಿಯಾದರೆ 14ನೇ ದಿನದ್ದೂ ಸೇರಿ ಐದು. ನಿಮ್ಮದು ಯಾವುದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಊರಿನ ಆಸ್ಪತ್ರೆಯವರು ಕೇಳುವ ಮೊದಲ ಪ್ರಶ್ನೆ ಅದೇ. ದೊಡ್ಡವರಿಗೆ ತೋಳಿಗೆ, ತೀರಾ ಚಿಕ್ಕ ಮಕ್ಕಳಿಗೆ ತೊಡೆಗೆ ಹಾಕುತ್ತಾರೆ. ಕುಂಡಿಗೆ ಈ ಲಸಿಕೆ ಹಾಕುವಂತಿಲ್ಲ, ಅಲ್ಲಿಯ ಕೊಬ್ಬಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಇನ್ನೂ ಹಿರಿಯರ ಮಾತಿನಲ್ಲಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲಿ 2004ರ ಕೊನೆಗೆ ಅದರ ತಯಾರಿಕೆಯೇ ನಿಂತಿತು. ಈಗಿನದಕ್ಕೆ ಪಥ್ಯವೂ ಇಲ್ಲ: ಬದನೆಕಾಯಿ, ಮೀನು, ಕೋಳಿ ಎಲ್ಲ ತಿನ್ನಬಹುದು. ಬಸುರಿಯರಿಗೆ, ಬಾಣಂತಿಯರಿಗೆ, ಹಾಲು ಕುಡಿಯುವ ಕೂಸಿಗೂ ಕೊಡಬಹುದು, ಕೊಡಲೇಬೇಕು.

ಒಂದು ದಿನ ತಪ್ಪಿಹೋದರೆ? ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. “ತಡವಾಯಿತು, ಬೈಯುತ್ತಾರೆ” ಎಂದು ಹೋಗದೆ ಇರುವುದೇ ಅಪಾಯ. ಕಡಿದು ತಿಂಗಳಾಗಿದ್ದು ಒಂದು ಸೂಜಿಯೂ ಬಿದ್ದಿಲ್ಲವಾದರೂ ಹೋಗಿ. ಲಕ್ಷಣ ಕಾಣುವ ತನಕ ಸಮಯ ಮೀರಿಲ್ಲ.

ಊರಿಗೆ ಹೋಗಲೇಬೇಕಾದಾಗ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಊರಲ್ಲಿ ಇಳಿದ ಮರುದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಸೂಜಿಯ ದಿನ ಬರುವವರೆಗೆ ಕಾಯಬೇಡಿ, ಆ ದಿನ ಅಲ್ಲಿ ಲಸಿಕೆ ಮುಗಿದಿದ್ದರೆ ಹುಬ್ಬಳ್ಳಿಗೋ ಜಿಲ್ಲಾ ಕೇಂದ್ರಕ್ಕೋ ಹೋಗಲು ಸಮಯ ಇರಬೇಕು. ಕೋರ್ಸ್ ಮುಗಿದ ಮೇಲೂ ಆ ಚೀಟಿ ಎಸೆಯಬೇಡಿ. ಮತ್ತೊಮ್ಮೆ ಕಡಿತವಾದರೆ ಅದನ್ನು ತೋರಿಸಿದವರಿಗೆ 0 ಮತ್ತು 3ನೇ ದಿನದ ಲಸಿಕೆ ಮಾತ್ರ, ಸೀರಂ ಬೇಕಾಗುವುದಿಲ್ಲ.

ನಾಯಿಯ ಮೇಲೆ ಹತ್ತು ದಿನ ಕಣ್ಣು

ಕಡಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ. ಅದು ಸಾಕಿದ್ದೋ, ಓಣಿಯದೇ ಗುರುತಿನದೋ ಆಗಿದ್ದರೆ ಹತ್ತು ದಿನ ನೋಡುತ್ತಿರಿ. ಜೊಲ್ಲಿನಲ್ಲಿ ರೋಗಾಣು ಇಳಿದಿರುವ ನಾಯಿ ಅಷ್ಟರೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನದ ಮೇಲೂ ಗಟ್ಟಿಮುಟ್ಟಾಗಿದ್ದರೆ ವೈದ್ಯರಿಗೆ ಹೇಳಿ, ಉಳಿದ ಸೂಜಿ ಬೇಕೋ ಬೇಡವೋ ಅವರು ತೀರ್ಮಾನಿಸಲಿ. ಆದರೆ ಹತ್ತು ದಿನ ನೋಡಿ ಆಮೇಲೆ ಸೂಜಿ ಶುರು ಮಾಡೋಣ ಎನ್ನಬೇಡಿ. ನೋಡುವುದೂ ಸೂಜಿಯೂ ಒಟ್ಟಿಗೇ ನಡೆಯಬೇಕು.

ಹುಚ್ಚು ನಾಯಿ ಎಂದರೆ ಜೊಲ್ಲು ಸುರಿಸಿ ಅಟ್ಟಿಸಿಕೊಂಡು ಬರುವುದಷ್ಟೇ ಅಲ್ಲ. ಕೆಲವು ಮೂಲೆ ಸೇರಿ ಸುಮ್ಮನಾಗುತ್ತವೆ, ದವಡೆ ಜೋತುಬೀಳುತ್ತದೆ, ಬೊಗಳುವ ಸ್ವರ ಬದಲಾಗುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವವರಿದ್ದಾರೆ. ಊರಲ್ಲಿ ದನದ ವಿಷಯದಲ್ಲಿ ಇದೇ ತಪ್ಪು ಇನ್ನೂ ಹೆಚ್ಚು. ಎಮ್ಮೆ, ಆಕಳು ಜೊಲ್ಲು ಸುರಿಸುತ್ತ ವಿಚಿತ್ರವಾಗಿ ಕೂಗಿದರೆ, ಮೇವು ಸಿಕ್ಕಿಕೊಂಡಿದೆ ಎಂದು ರೈತ ಮೊಣಕೈವರೆಗೆ ಕೈ ಹಾಕುತ್ತಾನೆ. ಹಾಕಬೇಡಿ, ಪಶುವೈದ್ಯರನ್ನು ಕರೆಯಿರಿ. ದನಕ್ಕೆ ನಾಯಿ ಕಡಿದದ್ದು ಗೊತ್ತಾದರೆ ಅದರ ಗಾಯವನ್ನೂ ಹೀಗೆಯೇ ಸಾಬೂನಿನಿಂದ ತೊಳೆಯಬೇಕು (ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾದರೂ ಸುತ್ತಿಕೊಳ್ಳಿ); ಅದಕ್ಕೂ ಲಸಿಕೆಯಿದೆ. ಅಂಥ ಆಕಳ ಕಾಯಿಸಿದ ಹಾಲಿನಿಂದ ಭಯವಿಲ್ಲ, ಹಸಿ ಹಾಲು ಮಾತ್ರ ಕುಡಿಯಬಾರದು.

ಸರಪಳಿ ಕಡಿಯುವುದು ಎಲ್ಲಿ

ಇಷ್ಟೆಲ್ಲ ಮಾಡಿ ಉಳಿಸಿಕೊಳ್ಳುವುದು ಒಂದು ಜೀವ. ರೋಗ ಮಾತ್ರ ನಾಯಿಯಿಂದ ನಾಯಿಗೆ ಹೋಗುತ್ತಲೇ ಇರುತ್ತದೆ, ಏಕೆಂದರೆ ಅದರ ಮನೆ ನಾಯಿ. ಮನುಷ್ಯ ದಾರಿಯ ಕೊನೆ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುತ್ತದೆ. ಒಂದು ಹುಚ್ಚು ನಾಯಿ ರೋಗ ಅಂಟಿಸುವುದು ಸರಾಸರಿ ಒಂದೆರಡು ನಾಯಿಗಳಿಗಷ್ಟೇ. ಹಾಗಾಗಿ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ಸರಪಳಿ ಕಡಿಯುತ್ತದೆ.

ಇದನ್ನು ಮಾಡಿ ತೋರಿಸಿದ ರಾಜ್ಯದಲ್ಲೇ ನಾವು ದುಡಿಯುತ್ತಿದ್ದೇವೆ. ಮಿಷನ್ ರೇಬೀಸ್ ಸಂಸ್ಥೆ ಗೋವಾ ಸರಕಾರದೊಂದಿಗೆ ಸೇರಿ ಓಣಿ ಓಣಿ ತಿರುಗಿ, ಬಲೆ ಹಾಕಿ ಹಿಡಿದು, ಲಸಿಕೆ ಹಾಕಿ ಅಲ್ಲೇ ಬಿಡುವ ಕೆಲಸ ನಡೆಸಿತು. ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಬಿತ್ತು, ವರ್ಷಕ್ಕೆ 1,50,000 ಶಾಲಾ ಮಕ್ಕಳಿಗೆ ಪಾಠವಾಯಿತು. 2013ರಿಂದ 2019ರ ನಡುವೆ ನಾಯಿಗಳಲ್ಲಿ ತಿಂಗಳಿಗೆ ಕಾಣುತ್ತಿದ್ದ ರೇಬೀಸ್ ಶೇ. 92ರಷ್ಟು ಇಳಿಯಿತು. ಮೂರು ವರ್ಷದಿಂದ ಮನುಷ್ಯರಲ್ಲಿ ಒಂದೂ ಪ್ರಕರಣ ಇಲ್ಲವೆಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ 2021ರ ಜೂನ್‌ನಲ್ಲಿ ಪ್ರಕಟಿಸಿದರು. ನಾಯಿಗಳನ್ನು ಕೊಂದು ಸಾಧಿಸಿದ್ದಲ್ಲ ಇದು. ಕೊಂದ ಜಾಗಕ್ಕೆ ಬೇರೆ ಕಡೆಯ, ಲಸಿಕೆ ಇಲ್ಲದ ನಾಯಿಗಳು ಬಂದು ಸೇರುತ್ತವೆ.

ಇದನ್ನು ಓದಿ ಗೋವಾದಲ್ಲಿ ಕಡಿದರೆ ಸೂಜಿ ಬೇಡ ಎಂದುಕೊಳ್ಳಬೇಡಿ. ಗಡಿಯಾಚೆಯಿಂದ ಒಂದು ನಾಯಿ ಬಂದರೂ ರೋಗ ಮರಳುತ್ತದೆ. ಆ ನಾಯಿ ಕಾಲ್ನಡಿಗೆಯಲ್ಲೇ ಬರಬೇಕೆಂದಿಲ್ಲ, ಊರಿಂದ ಬರುವಾಗ ಮಕ್ಕಳು ಹಟಮಾಡಿ ಚೀಲದಲ್ಲಿ ಹಾಕಿಕೊಂಡು ತಂದ ಮರಿಯಾಗಿ ಬಂದರೂ ಬಂತು. ಮರಿ ತಂದವರು ಮರುವಾರವೇ ಪಶು ಆಸ್ಪತ್ರೆಗೆ ಒಯ್ಯಿರಿ. ಮೂರು ತಿಂಗಳು ತುಂಬಿದಾಗ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ಬೂಸ್ಟರ್, ನಂತರ ವರ್ಷಕ್ಕೊಮ್ಮೆ. ಬಲೆ ಹಿಡಿದ ತಂಡ ಓಣಿಗೆ ಬಂದಾಗ ಬಾಗಿಲು ಹಾಕಿ ನಾಯಿಯನ್ನು ಮಂಚದಡಿ ಬಚ್ಚಿಡಬೇಡಿ. ನೀವು ದಿನಾ ಅನ್ನ ಹಾಕುವ ಬೀದಿನಾಯಿ ನಿಮ್ಮ ಮಾತಿಗೆ ಬರುತ್ತದೆ. ಹಿಡಿದುಕೊಡಿ, ಅವರ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೀನು, ಕೋಳಿಯ ತ್ಯಾಜ್ಯವನ್ನು ತೆರೆದ ಜಾಗದಲ್ಲಿ ಸುರಿಯುವುದು ನಿಂತರೆ ಅಲ್ಲಿ ನಾಯಿಗಳ ಗುಂಪೂ ಕಡಿಮೆಯಾಗುತ್ತದೆ.

ಮಕ್ಕಳಿಗೆ ಇಂದು ರಾತ್ರಿ ಊಟದ ಹೊತ್ತಿಗೆ ಮೂರು ಮಾತು ಹೇಳಿ. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ನಾಯಿ ಮೈಮೇಲೆ ಬಂದರೆ ಓಡದೆ ಮರದ ಹಾಗೆ ನಿಲ್ಲಬೇಕು. ಕೆಡವಿದರೆ ಮುಖ ಮುಚ್ಚಿಕೊಂಡು ಕಲ್ಲಿನ ಹಾಗೆ ಮುದುಡಿಕೊಳ್ಳಬೇಕು. ಮೂರನೆಯದು, ಪರಚಿದ್ದು ಚೂರೇ ಆದರೂ ಮನೆಗೆ ಬಂದು ಹೇಳಬೇಕು, ಯಾರೂ ಹೊಡೆಯುವುದಿಲ್ಲ. ಈ ಕೊನೆಯ ಮಾತನ್ನು ಹೇಳಿದ ಮೇಲೆ, ಮಗು ನಿಜವಾಗಿ ಬಂದು ಹೇಳಿದ ದಿನ, ಕೈ ಎತ್ತಬೇಡಿ. ಸಾಬೂನು ತೆಗೆದುಕೊಳ್ಳಿ.