ದಾಸೋಹವೂ ದೇಹಾರೋಗ್ಯವೂ

ನೀಡಿದವನ ಮನಸ್ಸು ಹಗುರಾಗುವುದೆಂದು ಹಿರಿಯರು ಹೇಳುವರು. ಆದರೆ ನೀಡಿದ ಮೇಲೆಯೇ ಅದು ಭಾರವಾಗುವುದೂ ಉಂಟು. ಇದನ್ನು ಅನ್ಯರ ಮೇಲೆ ಹೊರಿಸದೆ ಸ್ವಾನುಭವದಿಂದಲೇ ಹೇಳುವೆನು. ಕೆಲವು ವರ್ಷಗಳ ಹಿಂದೆ ನಮ್ಮ ಗುಬ್ಬಿ ಸೀಮೆಯ ಒಂದು ಜಾತ್ರೆಯ ದಾಸೋಹಕ್ಕೆ ಎರಡು ಮೂಟೆ ಅಕ್ಕಿಯನ್ನೂ ನೂರು ತೆಂಗಿನಕಾಯಿಗಳನ್ನೂ ಕಳುಹಿಸಿದ್ದೆನು. ಜಾತ್ರೆಯ ದಿನ ದಾನಿಗಳ ಪಟ್ಟಿಯನ್ನು ತೂಗುಹಾಕಿದ್ದರು. ಮೇಲಿನಿಂದ ಕೆಳಗಿನವರೆಗೆ ಎರಡು ಬಾರಿ ಓದಿದರೂ ನನ್ನ ಹೆಸರು ಕಾಣಲಿಲ್ಲ. ಪ್ರಸಾದವು ರುಚಿಸಲಿಲ್ಲ, ರಾತ್ರಿ ನಿದ್ರೆ ಹತ್ತಲಿಲ್ಲ. ಆ ಅಕ್ಕಿಯು ನೂರಾರು ಮಂದಿಯ ಹಸಿವನ್ನು ತಣಿಸಿತ್ತು. ಕೊಟ್ಟವನಿಗೆ ಮಾತ್ರ ಅಜೀರ್ಣವಾಗಿತ್ತು.

ಶರಣರು ಈ ವ್ಯಾಧಿಯ ಮೂಲವನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅವರು ದಾನವೆಂಬ ಮಾತಿನಲ್ಲಿ ತೃಪ್ತರಾಗದೆ ದಾಸೋಹವೆಂಬ ತತ್ತ್ವವನ್ನು ಎತ್ತಿ ಹಿಡಿದರು. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿಯಾದರೋ ನೀಡುವವನೇ ದಾಸನು. ಉಣ್ಣುವವನು ತನ್ನ ಮನೆಯ ಬಾಗಿಲಿಗೆ ಬಂದನೆಂಬುದೇ ಅವನ ಭಾಗ್ಯ. ಗುರುವಿಗೆ ತನುವನ್ನೂ ಲಿಂಗಕ್ಕೆ ಮನವನ್ನೂ ಜಂಗಮಕ್ಕೆ ಧನವನ್ನೂ ಸವೆಸಬೇಕೆಂಬ ಬೋಧೆಯಲ್ಲಿ ‘ನಾನು ಕೊಟ್ಟೆನು’ ಎಂಬುದಕ್ಕೆ ಎಡೆಯೇ ಇಲ್ಲ.

ಇದು ಕೇವಲ ಪರಮಾರ್ಥದ ಮಾತೆಂದು ಕೆಲವರು ಭಾವಿಸಬಹುದು. ಆದರೆ ಈಚಿನ ವಿಜ್ಞಾನಿಗಳೂ ಈ ವಿಷಯವನ್ನು ಪರೀಕ್ಷಿಸಿರುವರು. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರಿಗೆ ಬೆಳಗ್ಗೆ 5 ಅಥವಾ 20 ಡಾಲರುಗಳನ್ನು ಕೊಟ್ಟು ಸಂಜೆಯೊಳಗೆ ವೆಚ್ಚಮಾಡಲು ಹೇಳಿದರು. ತಮಗಾಗಿ ವೆಚ್ಚಮಾಡಿದವರಿಗಿಂತ ಪರರಿಗಾಗಿ ವೆಚ್ಚಮಾಡಿದವರು ಹೆಚ್ಚು ಸಂತುಷ್ಟರಾಗಿದ್ದರು. ಹಣ ಐದೇ ಆಗಲಿ ಇಪ್ಪತ್ತೇ ಆಗಲಿ, ಸಂತೋಷದಲ್ಲಿ ಭೇದವಿರಲಿಲ್ಲ. ಇದಕ್ಕೂ ಮೊದಲು, 2003ರಲ್ಲಿ, ಸ್ಟೆಫನಿ ಬ್ರೌನ್ ಎಂಬವರು ಅಮೆರಿಕದ 423 ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದ್ದರು. ನೆರೆಹೊರೆಯವರಿಗೆ ಬಂಧುಗಳಿಗೆ ನೆರವಾದವರಲ್ಲಿ, ಬಾಳಸಂಗಾತಿಗೆ ಆಸರೆಯಾದವರಲ್ಲಿ ಮರಣವು ಕಡಿಮೆಯಿತ್ತು. ನೆರವು ಪಡೆಯುವುದರಿಂದ ಅಂತಹ ಲಾಭವು ತೋರಲಿಲ್ಲ.

ಆದರೆ ನನ್ನನ್ನು ಬೆಚ್ಚಿಬೀಳಿಸಿದುದು ಮೂರನೆಯದು. ವಿಸ್ಕಾನ್ಸಿನ್ ಪ್ರಾಂತದಲ್ಲಿ 1957ರಲ್ಲಿ ಪ್ರೌಢಶಾಲೆಯನ್ನು ಮುಗಿಸಿದವರನ್ನು ಮುಪ್ಪಿನವರೆಗೆ ಅನುಸರಿಸಿಕೊಂಡು ಬಂದಿರುವ ಒಂದು ದೀರ್ಘ ಅಧ್ಯಯನವುಂಟು. ಅವರು ಸೇವಾಕಾರ್ಯದಲ್ಲಿ ಏತಕ್ಕಾಗಿ ತೊಡಗಿದರೆಂಬುದನ್ನು 2004ರಲ್ಲಿ ಕೇಳಿ, ನಾಲ್ಕು ವರ್ಷಗಳ ತರುವಾಯ ಯಾರು ಬದುಕಿರುವರೆಂದು ನೋಡಿದರು. ಸಾರಾ ಕಾನ್ರಾತ್ ಮತ್ತು ಸಂಗಡಿಗರು 2012ರಲ್ಲಿ ಇದರ ಫಲವನ್ನು ಪ್ರಕಟಿಸಿದರು. ಪರಹಿತಕ್ಕಾಗಿ ಸೇವೆಮಾಡಿದವರಲ್ಲಿ ಸಾವು ಕಡಿಮೆ; ತಮಗೇನಾದರೂ ದೊರೆಯಲೆಂದು ಸೇವೆಮಾಡಿದವರ ಗತಿಯು ಏನೂ ಮಾಡದವರ ಗತಿಯಂತೆಯೇ! ಹಾಗಾದರೆ ಆರೋಗ್ಯವನ್ನು ಬಯಸಿ ನೀಡುವವನಿಗೆ ಆರೋಗ್ಯವು ದೊರೆಯುವುದು ಸಂಶಯ. ಈ ಲೇಖನವನ್ನು ಓದಿ ರಕ್ತದೊತ್ತಡವನ್ನು ಇಳಿಸಿಕೊಳ್ಳಲೆಂದು ನಾಳೆ ಯಾರಾದರೂ ಅಕ್ಕಿ ಕಳುಹಿಸಿದರೆ ಉಂಡವರಿಗೆ ಲಾಭವೇ ಸರಿ, ಕಳುಹಿಸಿದವರ ವಿಷಯವನ್ನು ಹೇಳಲಾರೆನು.

ನಮ್ಮ ಗುಬ್ಬಿಯಿಂದ ಸುಮಾರು 20 ಕಿಲೋಮೀಟರು ದೂರದ ತುಮಕೂರನ್ನು ದಾಟಿದರೆ ಸಿದ್ಧಗಂಗೆ. ಅಲ್ಲಿ ಜಾತಿಮತಭೇದವಿಲ್ಲದೆ ಸಹಸ್ರಾರು ಮಕ್ಕಳು ಉಂಡು ಓದುತ್ತಿರುವುದನ್ನು ಬಲ್ಲದವರಾರು? ಸುತ್ತಣ ರೈತರು ಸುಗ್ಗಿಯಾದೊಡನೆ ರಾಗಿ, ಕಾಳು, ತೆಂಗಿನಕಾಯಿಗಳನ್ನು ತಂದೊಪ್ಪಿಸುವರು. 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1941ರಿಂದ ಆ ಮಠದ ಭಾರವನ್ನು ಹೊತ್ತು, 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅದು ದಾಸೋಹದ ಫಲವೆಂದುಬಿಡುವುದು ಸುಲಭ. ಆದರೆ ಮಿತಾಹಾರ, ನಿಯತವಾದ ದಿನಚರಿಗಳೂ ಅವರಲ್ಲಿದ್ದುವು. ಒಬ್ಬರ ಆಯುಸ್ಸಿನಿಂದ ನಿಯಮವನ್ನು ಸ್ಥಾಪಿಸಲಾಗದು. ಆಯುಸ್ಸನ್ನು ಎಣಿಸುತ್ತ ಅವರು ನೀಡಲಿಲ್ಲವೆಂಬುದಷ್ಟೇ ನಿಶ್ಚಯ.

ಗೃಹಸ್ಥರಾದ ನಮಗೆ ಆಯ್ದಕ್ಕಿ ಮಾರಯ್ಯನ ಕಥೆಯು ಇನ್ನೂ ಹತ್ತಿರದ್ದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ತಂದುದು ದಾಸೋಹಕ್ಕಾಗಿಯೇ ಅಲ್ಲವೇ? ಆದರೂ ಲಕ್ಕಮ್ಮನು ಒಪ್ಪಲಿಲ್ಲ; ಅಗತ್ಯಕ್ಕೆ ಮೀರಿದುದರಲ್ಲಿ ಆಕೆ ಆಸೆಯನ್ನು ಕಂಡಳು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ದೊಡ್ಡದಾಗಿ ನೀಡಬೇಕೆಂಬ ಹಂಬಲದಿಂದ ಸಾಲಮಾಡಿ, ಆಮೇಲೆ ಬಡ್ಡಿಯ ಚಿಂತೆಯಲ್ಲಿ ಕೃಶರಾಗುವವರನ್ನು ನಾನು ಬಲ್ಲೆನು. ಅವರ ಮನೆಗಳಲ್ಲಿ ಲಕ್ಕಮ್ಮನಂತಹವರ ಮಾತು ನಡೆಯುವುದಿಲ್ಲವೆಂದು ತೋರುತ್ತದೆ.

ನನ್ನ ಮನೆಯಲ್ಲಿ ನಡೆಯಿತು. ಆ ರಾತ್ರಿ ಎದ್ದು ಕುಳಿತಿದ್ದ ನನ್ನನ್ನು ಕಂಡು ಮನೆಯಾಕೆಯು, “ಬಂದವರೆಲ್ಲ ಉಂಡರಲ್ಲವೇ?” ಎಂದಷ್ಟೇ ಕೇಳಿ ಮಗ್ಗುಲಾದಳು. ಮರುವರ್ಷ ಒಂದೇ ಮೂಟೆ ಅಕ್ಕಿಯನ್ನು ಕಳುಹಿಸಿ, ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುವ ಸರದಿಯನ್ನು ಕೇಳಿ ಪಡೆದೆನು. ಬಿಸಿಲಿನಲ್ಲಿ ನಡೆದು ಬಂದಿದ್ದ ಮುದುಕರೊಬ್ಬರು ಮೂರು ಸಲ ಕೈಯೊಡ್ಡಿದರು. ಅವರು ಯಾರೆಂದು ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಸಂಜೆಯ ವೇಳೆಗೆ ಬೆನ್ನು ನೋಯುತ್ತಿದ್ದಿತು. ಮನೆಗೆ ಬಂದು ಒರಗಿದುದೊಂದು ನೆನಪು. ನಿದ್ರೆ ಯಾವಾಗ ಹತ್ತಿತೋ ತಿಳಿಯದು. ದಾನಿಗಳ ಪಟ್ಟಿಯನ್ನು ಆ ವರ್ಷ ಎಲ್ಲಿ ತೂಗುಹಾಕಿದ್ದರೆಂಬುದನ್ನು ನೋಡಲು ಮರೆತೇ ಹೋಗಿತ್ತು.